ತೆವರಿ ಮ್ಯಾಲಿನ ಸಾಕ್ಷಿ

ಲಾವಂಚ ಅಂದ್ರ ಈಗಿನವರಿಗೆ ನೀರಿನ ಮಡಕೆಗೆ ಹಾಕೋ ಬೇರು. ಬಿಸಿಲು ಏರ್ತಿದ್ದಂಗ ಗ್ರಂಧಿಗೆ ಅಂಗಡಿಯಿಂದ ಒಂದು ಹಿಡಿ ತಂದು, ತೊಳೆದು, ತೆಳ್ಳನೆ ಬಟ್ಟೆಲಿ ಕಟ್ಟಿ ಮಡಕೆಯೊಳಗೆ ಬಿಟ್ರ ನೀರಿಗೆ ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಬತ್ತದ. ಆ ಬೇರಿನ ಮ್ಯಾಲ ಒಂದು ಹುಲ್ಲಿತ್ತು, ಆ ಹುಲ್ಲು ನಮ್ಮ ಕಡೆ ಹೊಲದ ತೆವರಿ ಮ್ಯಾಲ, ಹಿತ್ತಲ ಮೂಲೆಲಿ ನಿಂತಿರ್ತಿತ್ತು ಅನ್ನೋದು ಮಾತ್ರ ಮರೆತುಹೋಯ್ತಾ ಅದ. ಬೇರನ್ನ ಅಂಗಡಿಗೆ ಬಿಟ್ಟು, ಹುಲ್ಲನ್ನ ಜೆಸಿಬಿ ಬಾಯಿಗೆ ಬಿಟ್ಟು ಕೂತಿದ್ದೀವಿ. ಇವತ್ತು ಬರೀತಾ ಇರೋದು ಬೇರಿನ ಕತೆಯಲ್ಲ, ಹುಲ್ಲಿನ ಕತೆ.

ಮೊದಲು ಗುರುತು ಹೇಳ್ಬುಡ್ತೀನಿ. ಲಾವಂಚ ಒಂದು ಮಳೆಗೆ ಹುಟ್ಟಿ ಒಂದು ಬಿಸಿಲಿಗೆ ಸಾಯೋ ಹುಲ್ಲಲ್ಲ. ನೆಟ್ಟ ಜಾಗದಲ್ಲಿ ಹತ್ತಾರು ವರ್ಷ ನಿಲ್ತದ. ಗರಿಕೆ ಥರ ನೆಲದ ಮ್ಯಾಲ ಹಬ್ಬೋದಿಲ್ಲ. ಒಂದೇ ಬುಡದಿಂದ ತೆಂಡೆ ಒಡೆದು ಒಡೆದು ದಪ್ಪ ಆಗಿ, ಆಳೆತ್ತರ ಬೆಳೀತದ. ಎಲೆ ಗಟ್ಟಿ, ಅಂಚು ಚೂರು ಒರಟು. ಎಲೆ ಕಿವುಚಿ ಮೂಸಿದ್ರ ನಿಂಬೆ ವಾಸನೆ ಬಂತಾ? ಹಂಗಾದ್ರ ಅದು ಮಜ್ಜಿಗೆ ಹುಲ್ಲು, ಲಾವಂಚ ಅಲ್ಲ. ಲಾವಂಚದ ಎಲೆಗೆ ವಾಸನೆ ಇಲ್ಲ, ಇರೋದೆಲ್ಲ ಬೇರಿಗೆ. ಆ ಬೇರು ಅಕ್ಕಪಕ್ಕ ಹರಡೋದು ಕಮ್ಮಿ, ನೆಟ್ಟಗೆ ಕೆಳಕ್ಕೆ ಇಳೀತದ. ಮೆದು ಮಣ್ಣು ಸಿಕ್ಕಿದ್ರ 3 ಮೀಟರು, ಅದಕ್ಕೂ ಹೆಚ್ಚು. ಅಂದ್ರ ಇಬ್ಬರು ಆಳು ಒಬ್ಬರ ಹೆಗಲ ಮ್ಯಾಲ ಒಬ್ಬರು ನಿಂತಷ್ಟು ಆಳ.

ಇದು ನಮ್ಮ ದೇಶದ್ದೇ ಹುಲ್ಲು. ಹಳ್ಳದ ದಂಡೆ, ಜವುಗು ನೆಲ ಇದರ ತೌರು. ಸಂಸ್ಕೃತದಲ್ಲಿ ಉಶೀರ ಅಂತರ. ತಮಿಳಿನವರು ವೆಟ್ಟಿವೇರ್ ಅಂತರ, ಅಗೆದು ತೆಗೆಯೋ ಬೇರು ಅಂತ ಅರ್ಥ. ಕೊಳ್ಳೇಗಾಲದ ಪೇಟೆಲಿ ಇವತ್ತಿಗೂ ಕನ್ನಡ, ತಮಿಳು ಎರಡೂ ಹೆಸರಿಗೆ ಅಂಗಡಿಯವರು ಅದೇ ಡಬ್ಬದ ಮುಚ್ಚಳ ತೆಗೀತರ. 1771ರಲ್ಲಿ ಲಿನೇಯಸ್ ಇದಕ್ಕೆ ಶಾಸ್ತ್ರದ ಹೆಸರು ಕೊಟ್ಟ ಮ್ಯಾಲ ಆ ಹೆಸರು ಎರಡು ಮೂರು ಸಲ ಬದಲಾಯ್ತು. ಈಗಿನದ್ದು ಕ್ರೈಸೊಪೋಗಾನ್ ಜಿಜಾನಿಯಾಯ್ಡಿಸ್. ಇಂಗ್ಲಿಷಿನ ವೆಟಿವರ್ ಅನ್ನೋದು ತಮಿಳಿನಿಂದಲೇ ಹೋದದ್ದು.

ಬೇರಿನ ಚರಿತ್ರೆ ಬರೆದೋರು ಬೇಕಾದಷ್ಟು ಜನ. ಕಾಳಿದಾಸನ ಶಾಕುಂತಲ ನಾಟಕದಲ್ಲಿ ಶಕುಂತಲೆಯ ಮೈ ತಾಪಕ್ಕೆ ಹಚ್ಚೋದು ಉಶೀರದ ಲೇಪ. ಆಯುರ್ವೇದದಲ್ಲಿ ಜ್ವರ ಬಂದೋರಿಗೆ ಕುಡಿಸೋ ಷಡಂಗ ಪಾನೀಯದ ಆರು ಸಾಮಾನಿನಲ್ಲಿ ಇದೂ ಒಂದು. ಅಕ್ಬರನ ಅರಮನೆಲಿ ಬೇರಿನ ತಟ್ಟಿ ಕಟ್ಟಿ ನೀರು ಚಿಮುಕಿಸಿ ತಣ್ಣನೆ ಗಾಳಿ ಮಾಡ್ಕೊತಿದ್ದದ್ದು ಐನ್-ಎ-ಅಕ್ಬರಿಯಲ್ಲಿ ದಾಖಲಾಗದ. ಆಮೇಲೆ ಇಂಗ್ಲಿಷ್ ದೊರೆಗಳ ಬಂಗಲೆಗಳಿಗೂ ಅದೇ ತಟ್ಟಿ ಬಂತು. ಅರಮನೆಗೆ, ಔಷಧಿಗೆ, ಅತ್ತರಿಗೆ ಹೋದ ಬೇರಿಗೆ ಹಿಂಗೆ ಪುಸ್ತಕ ಸಿಕ್ಕಿತು. ಹೊಲದ ತೆವರಿ ಮ್ಯಾಲ ನಿಂತಿದ್ದ ಹುಲ್ಲಿಗೆ ಬರೆಯೋರು ಯಾರು? ಅದನ್ನ ನೆಟ್ಟೋರಿಗೆ ಬರೆದಿಡೋ ಪದ್ಧತಿ ಇರಲಿಲ್ಲ, ಬರೆಯೋರಿಗೆ ತೆವರಿ ಮ್ಯಾಲ ನಡೆಯೋ ಕೆಲಸ ಇರಲಿಲ್ಲ.

ತೆವರಿ ಮ್ಯಾಲ ಲಾವಂಚ ಯಾಕೆ ನೆಡ್ತಿದ್ರು ಅನ್ನೋದು ತಿಳೀಬೇಕಾದ್ರ ನಮ್ಮ ಸೀಮೆಯ ಗಡಿಗಳ ಕತೆ ಚೂರು ಗೊತ್ತಿರಬೇಕು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೊಳ್ಳೇಗಾಲ ಕಂಪನಿ ಸರ್ಕಾರದ ಕೈಗೆ ಹೋಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. ಹನೂರು ಆಗ ಬೇರೆ ತಾಲ್ಲೂಕಲ್ಲ, ಕೊಳ್ಳೇಗಾಲದ ಒಳಗೇ ಇತ್ತು. ಪಕ್ಕದ ಯಳಂದೂರು ಮೈಸೂರಿನಲ್ಲೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕಿತು. ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ಕ್ಕೆ. ಮೂರೂ ಊರು ಚಾಮರಾಜನಗರ ಜಿಲ್ಲೆ ಅಂತ ಆದದ್ದು 1997ರಲ್ಲಿ. ಅಂದ್ರ ನೂರೈವತ್ತು ವರ್ಷಕ್ಕೂ ಮಿಕ್ಕಿ ಒಂದು ಕಡೆಯೋರ ಕಾಗದ ಪತ್ರ ಮದರಾಸಿನ ಲೆಕ್ಕಕ್ಕೆ, ಇನ್ನೊಂದು ಕಡೆಯೋರದ್ದು ಮೈಸೂರಿನ ಲೆಕ್ಕಕ್ಕೆ. ಮೈಸೂರು ಸೀಮೆಲಿ ರೆವಿನ್ಯೂ ಸರ್ವೆ ಶುರುವಾದದ್ದೇ 1863ರಲ್ಲಿ. ಸರಪಳಿ ಹಿಡ್ಕೊಂಡು ಬಂದೋರು ಸರ್ವೆ ನಂಬರ್ ಕೊಟ್ಟು ಬಾಂದು ಕಲ್ಲು ನೆಟ್ಟು ಹೋದ್ರು.

ಆದ್ರ ಬಾಂದು ಕಲ್ಲು ಮೂಲೆಗೆ ಒಂದು. ಎರಡು ಕಲ್ಲಿನ ನಡುವೆ ಇರೋದು ಬರೀ ಮಣ್ಣಿನ ತೆವರಿ. ಒಂದೇ ಸರ್ವೆ ನಂಬರನ್ನ ಅಣ್ಣತಮ್ಮಂದಿರು ಪಾಲು ಮಾಡ್ಕೊಂಡ್ರ, ಪೋಡಿ ಆಗೋವರೆಗೂ ಒಳಗಡೆ ಕಲ್ಲೂ ಇಲ್ಲ. ಕಲ್ಲು ಇದ್ರೂ ರಾತ್ರಿ ಜರುಗಿಸೋಕೆ ಇಬ್ಬರು ಸಾಕು. ತೆವರಿನ ಜರುಗಿಸೋಕೆ ರಾತ್ರಿನೂ ಬೇಕಾಗಿಲ್ಲ. ಉಳೋವಾಗ ಪ್ರತಿ ಸಲ ನೇಗಿಲನ್ನ ಎರಡು ಬೆರಳು ಒತ್ತಿ ಹಿಡುದ್ರ ಹತ್ತು ವರ್ಷಕ್ಕೆ ಒಂದು ಸಾಲು ಈ ಕಡೆಗೆ ಬಂದಿರ್ತದ. ಮಾತು ಬೆಳೀತದ, ಪಂಚಾಯ್ತಿ ಸೇರ್ತದ, ಕೋರ್ಟಿಗೆ ಹೋಯ್ತದ. "ಗೇಣು ಜಾಗ್ಕ ಎಕರ ಮಾರ್ದ ಕನಪ್ಪ" ಅನ್ನೋ ಮಾತು ಕೇಳ್ದೆ ಇರೋ ಊರು ನಮ್ಮ ಮೂರು ತಾಲ್ಲೂಕಿನಲ್ಲಿ ಇಲ್ಲ.

ಲಾವಂಚಕ್ಕೆ ಬೆಲೆ ಇದ್ದದ್ದು ಇಲ್ಲಿ. ಒಂದು ಸಲ ಕೂಡಿಕೊಂಡ ಲಾವಂಚದ ಸಾಲನ್ನ ಎತ್ತಿನ ನೇಗಿಲು ಕೆತ್ತೋಕಾಗಲ್ಲ. ಗುಳ ಬಡಿದ್ರ ಗುಳವೇ ಜಾರ್ತದ. ಕೀಳಬೇಕಾದ್ರ ಹಾರೆ, ಗುದ್ದಲಿ ತಂದು ಹಗಲೊತ್ತಿನಲ್ಲಿ ಎಲ್ಲರ ಎದುರಿಗೆ ಕೀಳಬೇಕು. ಬೆಂಕಿ ಬಿದ್ದು ಮೇಲಿನದ್ದೆಲ್ಲ ಸುಟ್ಟುಹೋದ್ರೂ ಬುಡದಿಂದ ಮತ್ತೆ ಚಿಗುರ್ತದ. ಎಳೆ ಎಲೆನ ದನ ಮೇಯ್ತವ, ಬಲಿತದ್ದನ್ನ ಮುಟ್ಟಲ್ಲ, ಹಂಗಾಗಿ ಸಾಲು ಖಾಲಿ ಆಗಲ್ಲ. ಬೇರು ನೆಟ್ಟಗೆ ಇಳಿಯೋದ್ರಿಂದ ಪಕ್ಕದ ರಾಗಿ, ಜೋಳಕ್ಕೆ ತೊಂದರೆ ಕಮ್ಮಿ.

ಇದಕ್ಕಿಂತ ದೊಡ್ಡ ಗುಣ ಇನ್ನೊಂದು ಅದ. ದಕ್ಷಿಣದ ಲಾವಂಚ ಹೂ ಬಿಟ್ರೂ ಮೊಳೆಯೋ ಬೀಜ ಕಟ್ಟೋದು ಇಲ್ಲ ಅನ್ನೋವಷ್ಟು ಕಮ್ಮಿ. ಉತ್ತರ ಭಾರತದ ಖಸ್ ಬೀಜದಿಂದ ತಾನೇ ಹುಟ್ತದ, ನಮ್ಮದು ಹಂಗಲ್ಲ. ಬುಡ ಸೀಳಿ ಕೈಯಾರ ನೆಟ್ರೆ ಮಾತ್ರ ಇನ್ನೊಂದು ಬುಡ. ಅಂದ್ರ ತೆವರಿ ಮ್ಯಾಲ ನೀಟಾಗಿ ಸಾಲು ಹಿಡಿದು ನಿಂತಿರೋ ಲಾವಂಚ ಯಾವುದಾದ್ರೂ ಇದ್ರ, ಅದನ್ನ ಒಬ್ಬರು ಅಲ್ಲಿಗೆ ತಂದು ನೆಟ್ಟವರೆ, ಪಕ್ಕದ ಹೊಲದೋರು ಸುಮ್ಮನೆ ನೋಡ್ಕೊಂಡು ಒಪ್ಪಿಕೊಂಡವರೆ ಅಂತಲೇ ಅರ್ಥ. ಎರಡು ಮನೆಯ ನಡುವಿನ ಮಾತು ಅಲ್ಲಿ ಬೇರು ಬಿಟ್ಟಿರ್ತದ. ಕಾಗದದ ಸಾಕ್ಷಿ ಗೆದ್ದಲಿಗೆ, ಬಾಯಿ ಸಾಕ್ಷಿ ಸಾವಿಗೆ. ಇದು ಮೂರನೇ ಥರದ ಸಾಕ್ಷಿ.

ಇದು ನಮ್ಮ ಜಿಲ್ಲೆಯ ಮಟ್ಟಿಗೆ ಸುಮ್ಮನೆ ಹೇಳೋ ಮಾತಲ್ಲ, ಹೊರಗಿನವರು ನೋಡಿ ಬರೆದಿಟ್ಟ ಸಂಗತಿ. ನಮ್ಮ ಪಕ್ಕದ ಗುಂಡ್ಲುಪೇಟೆ ತಾಲ್ಲೂಕಿನ ರೈತರು ನೂರು ವರ್ಷಕ್ಕೂ ಹಿಂದಿನಿಂದ ಹೊಲದ ಗಡಿಗೆ ಲಾವಂಚದ ಬೇಲಿ ಇಟ್ಕೊಂಡು ಬಂದದ್ದು 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಇಬ್ಬರ ಕಣ್ಣಿಗೆ ಬಿತ್ತು. ಒಬ್ಬರು ರಿಚರ್ಡ್ ಗ್ರಿಮ್‌ಶಾ, ಆಗ ದೆಹಲಿಲಿ ಇದ್ದೋರು. ಇನ್ನೊಬ್ಬರು ಜಾನ್ ಗ್ರೀನ್‌ಫೀಲ್ಡ್. ಗ್ರೀನ್‌ಫೀಲ್ಡ್ 1950ರ ದಶಕದಲ್ಲಿ ಫಿಜಿ ದ್ವೀಪದ ಕಬ್ಬಿನ ತೋಟಗಳಲ್ಲಿ ಇಳಿಜಾರಿನ ಮಣ್ಣು ಕೊಚ್ಚಿಹೋಗದಂಗೆ ಇದೇ ಹುಲ್ಲನ್ನ ಸಾಲು ಹಿಡಿಸಿದ್ದೋರು. ನಮ್ಮ ಕಡೆ ಬಂದಾಗ ಅದೇ ಕೆಲಸ ಯಾರೂ ಹೇಳ್ದೆ, ಯಾವ ಯೋಜನೆನೂ ಇಲ್ದೆ, ರೈತರ ಗಡಿಲಿ ನಡೀತಾ ಇತ್ತು.

ಗಡಿಗೆ ಅಂತ ನೆಟ್ಟ ಹುಲ್ಲು ಮಣ್ಣನ್ನ ಹೆಂಗೆ ಹಿಡೀತದ? ಕೊಳ್ಳೇಗಾಲ, ಹನೂರು ಕಡೆಯ ಮಳೆ ಗೊತ್ತಲ್ಲ. ಭರಣಿ, ಕೃತ್ತಿಕೆ ಹೊತ್ತಿಗೆ ಗುಡುಗು ಮಳೆ ಒಂದೇ ಏಟಿಗೆ ಸುರೀತದ. ಆಗ ಹೊಲ ಉತ್ತು ಬರಿದಾಗಿರ್ತದ. ಕೆಂಪು ಮಣ್ಣು ನೀರಿನ ಜೊತೆಗೇ ಎದ್ದು ಹಳ್ಳಕ್ಕೆ, ಹಳ್ಳದಿಂದ ಕೆರೆಗೆ, ಹೊಳೆಗೆ. ಮಣ್ಣಿನ ತೆವರಿ ನೀರನ್ನ ತಡೆದು ನಿಲ್ಲಿಸೋಕೆ ನೋಡ್ತದ, ಒಂದು ಕಡೆ ಒಡೆದ್ರ ಅಲ್ಲಿಂದ ಕೊರಕಲು ಬೀಳ್ತದ. ಲಾವಂಚದ ಸಾಲು ನೀರನ್ನ ನಿಲ್ಲಿಸೋಕೆ ಹೋಗಲ್ಲ. ಜರಡಿ ಹಂಗೆ ನಿಧಾನ ಮಾಡಿ, ಉದ್ದಕ್ಕೂ ಹರಡಿ, ಒಳಗಿಂದ ಬಿಡ್ತದ. ನಿಧಾನ ಆದ ನೀರು ಹೊತ್ತಿದ್ದ ಮಣ್ಣನ್ನ ಸಾಲಿನ ಹಿಂದೆ ಇಳಿಸಿ ಹೋಯ್ತದ. ಮಣ್ಣು ಬುಡದ ಮ್ಯಾಲ ಬಂದ್ರ ಹುಲ್ಲಿಗೆ ಉಸಿರು ಕಟ್ಟಲ್ಲ, ಗೆಣ್ಣಿನಲ್ಲಿ ಹೊಸ ಬೇರು ಬಿಟ್ಟು ಇನ್ನೊಂದು ಚೂರು ಮೇಲಕ್ಕೆ ಎದ್ದೇಳ್ತದ. ವರ್ಷ ಹೋದಂಗೆ ತೆವರಿ ತಾನೇ ಎತ್ತರ ಆಯ್ತದ, ಮೇಲಿನ ಹೊಲ ತಾನೇ ಮಟ್ಟ ಆಯ್ತದ.

1987ರಲ್ಲಿ ಈ ಇಬ್ಬರ ಕಡೆಯಿಂದ ಹಸಿರು ರಟ್ಟಿನ, ಜೇಬಿಗೆ ಹಿಡಿಸೋಂಥ ಕೈಪಿಡಿ ಒಂದು ಬಂತು. ದೇಶ ದೇಶ ಸುತ್ತಿತು. 1993ರಲ್ಲಿ ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ ಲಾವಂಚದ ಮ್ಯಾಲ ಒಂದು ಇಡೀ ಪುಸ್ತಕವನ್ನೇ ತಂದಿತು, ಅದರಲ್ಲಿ ಮೈಸೂರು ಪಕ್ಕದ ಗುಂಡ್ಲುಪೇಟೆಯ ಬೇಲಿಗಳಿಗೂ ಜಾಗ ಸಿಕ್ಕಿತು. ಥಾಯ್ಲೆಂಡಿನ ದೊರೆ ಭೂಮಿಬೋಲ್ 1991ರಿಂದ ತಮ್ಮ ದೇಶದಲ್ಲಿ ಇದನ್ನ ನೆಡಿಸಿದ್ರು, 1996ರ ಫೆಬ್ರವರಿಲಿ ಅಲ್ಲಿನ ಚಿಯಾಂಗ್ ರಾಯ್ ಊರಲ್ಲಿ ಲಾವಂಚದ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೀತು. ಅದೇ ದಶಕದ ಕೊನೆಯಲ್ಲಿ ರಾಬರ್ಟ್ ಆಡಮ್ಸ್, ಮಾರ್ಕ್ ಡ್ಯಾಫರ್ನ್ ಅನ್ನೋರು ಬೇರೆ ಬೇರೆ ದೇಶದ ಲಾವಂಚದ ಡಿಎನ್‌ಎ ಹೋಲಿಸಿ ನೋಡಿದ್ರು. ದಕ್ಷಿಣ ಏಷ್ಯಾದ ಹೊರಗೆ ಮಣ್ಣು ಹಿಡಿಯೋಕೆ ನೆಟ್ಟಿದ್ದು ಹೆಚ್ಚುಕಮ್ಮಿ ಎಲ್ಲ ಒಂದೇ ಗಿಡದ ಮರಿ ಅಂತ ಗೊತ್ತಾಯ್ತು, ಬೀಜ ಕಟ್ಟದ ಬಗೆ. ಬೀಜ ಇಲ್ಲದ ಹುಲ್ಲು ಸಮುದ್ರ ದಾಟಿದ್ದೂ ಕೈಯಿಂದ ಕೈಗೇ. ಆ ಬಗೆಗೆ ಇಟ್ಟ ಹೆಸರು ಸನ್‌ಶೈನ್, ಅದು ಅಮೆರಿಕದ ಲೂಸಿಯಾನದ ಒಂದು ಊರಿನ ಹೆಸರು.

ಹೊರಗೆ ಇಷ್ಟೆಲ್ಲ ಆಗ್ತಾ ಇರೋವಾಗ ಇಲ್ಲಿ ಏನಾಯ್ತು? ಜಲಾನಯನ ಯೋಜನೆಗಳು ಬಂದವು. ಯೋಜನೆಯೋರು ಹೇಳಿದ್ದು ಸಮಪಾತಳಿ ಗೆರೆ, ಅಂದ್ರ ಇಳಿಜಾರಿಗೆ ಅಡ್ಡಲಾಗಿ ಒಂದೇ ಮಟ್ಟದಲ್ಲಿ ಹೋಗೋ ಗೆರೆ. ಮಣ್ಣಿನ ಲೆಕ್ಕಕ್ಕೆ ಅದೇ ಸರಿ, ತಪ್ಪಿಲ್ಲ. ಆದ್ರ ಆ ಗೆರೆಗೆ ಹೊಲ ಯಾರದ್ದು ಅಂತ ಗೊತ್ತಿಲ್ಲ. ಹಾವಿನ ಥರ ಹೊರಳಿ ಒಂದೆಕರೆ ಹೊಲದ ನಡುವೆ ಹಾದು, ಪಕ್ಕದೋರ ಹೊಲಕ್ಕೆ ದಾಟಿ ಹೋಯ್ತದ. ಉಳೋ ಎತ್ತನ್ನ ನಡುವೆ ತಿರುಗಿಸಬೇಕು, ಚೂರುಪಾರು ಮೂಲೆ ಉಳೀತದ. ನಟ್ಟನಡುವಿನ ಸಾಲಿನ ಬುಡ ಯಾರು ಕಾಯಬೇಕು, ಯಾರು ಕೊಯ್ಯಬೇಕು? ದೇಶದ ಒಣಸೀಮೆಯ ರೈತರ ಬಗ್ಗೆ 1992ರಲ್ಲಿ ಜಾನ್ ಕೆರ್, ಎನ್.ಕೆ. ಸಂಘಿ ಅನ್ನೋರು ಬರೆದದ್ದೂ ಇದನ್ನೇ: ಯೋಜನೆಗೆ ಬೇಕಾದ್ದು ಸಮಪಾತಳಿ ಬದು, ರೈತನಿಗೆ ಬೇಕಾದ್ದು ಗಡಿಯ ಬದು.

ನನಗೆ ತಿಳಿಯೋ ಮಟ್ಟಿಗೆ ವಿಷಯ ಇರೋದು ಇಷ್ಟೇ. ಗುಂಡ್ಲುಪೇಟೆಲಿ ಆ ಹುಲ್ಲು ನೂರು ವರ್ಷ ಬಾಳಿದ್ದು ಬರೀ ಮಣ್ಣು ಹಿಡೀತದ ಅಂತಲ್ಲ. ಅದಕ್ಕೆ ಎರಡು ಕಡೆ ಒಡೆಯರಿದ್ರು. ಈಚೆ ಮನೆಯೋರು ಈಚೆ ಎಲೆ ಕೊಯ್ದು ದನಕ್ಕೆ ಹಾಕೋರು, ಆಚೆ ಮನೆಯೋರು ಆಚೆದು. ನಡುವೆ ಒಂದು ಬುಡ ಸತ್ರ ಇಬ್ಬರಿಗೂ ಕಣ್ಣು ಹೋಗೋದು, ಯಾಕಂದ್ರ ಆ ತೂತಿನಿಂದ ಜಗಳ ನುಗ್ಗಬಹುದು. ಲೋಕ ನೋಡಿ ಕಲಿತದ್ದು ಮಣ್ಣು ಹಿಡಿಯೋ ಗುಣವನ್ನ. ಜಗಳ ಹಿಡಿಯೋ ಗುಣವನ್ನ ಯಾರೂ ಅಷ್ಟಾಗಿ ಬರೆದುಕೊಳ್ಳಲಿಲ್ಲ. ನಾವಂತೂ ಎರಡನ್ನೂ ಬಿಟ್ಟೆವು.

ಬಿಡೋಕೆ ಕಾರಣ ಇಲ್ಲ ಅಂತಲ್ಲ. ಟ್ರ್ಯಾಕ್ಟರು ತಿರುಗೋಕೆ ಜಾಗ ಬೇಕು. ಜೆಸಿಬಿಗೆ ಲಾವಂಚನೂ ಒಂದೇ, ಗರಿಕೆನೂ ಒಂದೇ, ಅರ್ಧ ಗಂಟೆಲಿ ನೂರು ವರ್ಷದ ಸಾಲು ಎದ್ದೋಯ್ತದ. ತೆವರಿ ಉದ್ದಕ್ಕೂ ಸಿಲ್ವರ್ ಓಕು, ತೆಂಗು, ತೇಗ ಇಟ್ಟ ಕಡೆ ನೆರಳು ಬೀಳ್ತದ, ಲಾವಂಚಕ್ಕೆ ನೆರಳಾಗಲ್ಲ, ತಾನಾಗೇ ಸೊರಗಿ ಹೋಯ್ತದ. ಹೊಲ ಮಾರಿಕೊಂಡು ಹೋದ ಕಡೆ ತಕೊಂಡೋರು ಕಲ್ಲುಕಂಬ ನೆಟ್ಟು ತಂತಿ ಎಳೀತರ. ತಂತಿ ದನ ತಡೀತದ, ಮಣ್ಣು ತಡೆಯಲ್ಲ. ಮೊದಲ ಗುಡುಗು ಮಳೆಗೆ ತಂತಿ ಕೆಳಗಿಂದ ಹೊಲ ಹರಿದು ಹೋಗೋದನ್ನ ನಿಂತು ನೋಡಬಹುದು. ಪಾಲಾದ ಅಣ್ಣತಮ್ಮಂದಿರು ಹದ್ದುಬಸ್ತಿಗೆ ಅರ್ಜಿ ಹಾಕಿ ಸರ್ವೆಯೋರಿಗೆ ಕಾಯ್ತಾ ಕೂತವರೆ. ಅಳೆದು ಹೋದ ಮ್ಯಾಲಾದ್ರೂ ಆ ಗೆರೆ ಮ್ಯಾಲ ಒಂದು ಸಾಲು ನೆಟ್ರ ಮಕ್ಕಳ ಕಾಲಕ್ಕೆ ಇನ್ನೊಂದು ಅರ್ಜಿ ತಪ್ಪಬಹುದು.

ಹೊಲ ಇಲ್ಲದೋರು ಹಿತ್ತಲಿಂದ ಶುರು ಮಾಡಬಹುದು. ಬೆಂಗಳೂರಿನ ಕಡೆಯ ನರ್ಸರಿಗಳಲ್ಲಿ ಅಂದಕ್ಕೆ ಅಂತ ಬುಡಹುಲ್ಲು ಮಾರ್ತರ. ಅದರಲ್ಲಿ ಫೌಂಟನ್ ಗ್ರಾಸ್ ಅನ್ನೋದು ಆಫ್ರಿಕಾದ್ದು, ಬೀಜ ಗಾಳಿಗೆ ಹಾರಿ ಹವಾಯಿ, ಅರಿಜೋನದ ಕಾಡಿಗೆ ನುಗ್ಗಿ ಕೂತದ. ಬಾಗಿದ ಗರಿ, ಬೇಸಿಗೆಲೂ ಹಸಿರು ಬುಡ ಬೇಕು ಅನ್ನೋದಾದ್ರ ನಮ್ಮ ಲಾವಂಚ ಏನು ಕಮ್ಮಿ? ಬೀಜ ಹಾರೋ ಭಯ ಇಲ್ಲ, ಇಟ್ಟ ಜಾಗ ಬಿಟ್ಟು ಹೋಗಲ್ಲ.

ನೆಡೋ ಕ್ರಮ ಹೇಳ್ತೀನಿ ನೋಡಿ. ಎಲ್ಲಾದ್ರೂ ಹಳೇ ಬುಡ ಇದ್ರ ಒಡೆಯರನ್ನ ಕೇಳಿ ಒಂದು ಬುಡ ಅಗೆದು ತನ್ನಿ. ಎರಡು ಮೂರು ತೆಂಡೆ ಒಟ್ಟಿಗೆ ಬರೋ ಹಂಗೆ ಸೀಳಿ. ಎಲೆನ ಗೇಣುದ್ದ ಬಿಟ್ಟು ಕತ್ತರಿಸಿ, ಬೇರನ್ನ 10 ಸೆಂಟಿಮೀಟರು ಬಿಟ್ಟು ಸವರಿ. ಅವತ್ತೇ ನೆಡೋಕಾಗದಿದ್ರ ಒದ್ದೆ ಗೋಣಿಚೀಲದಲ್ಲಿ ಸುತ್ತಿಡಿ. ಭೂಮಿ ನೆನೆದ ಮ್ಯಾಲ, ಒಂದೇ ಸಾಲಿನಲ್ಲಿ, 10ರಿಂದ 15 ಸೆಂಟಿಮೀಟರಿಗೆ ಒಂದು ನೆಡಬೇಕು. ದೂರ ದೂರ ನೆಟ್ರ ಸಾಲು ಕೂಡಲ್ಲ, ನೀರು ಸಂದಿಲಿ ಜೋರು ಹಿಡಿದು ಇನ್ನೂ ಕೊರೀತದ. ಮೊದಲ ವರ್ಷ ಸತ್ತ ಬುಡದ ಜಾಗಕ್ಕೆ ಬೇರೆ ನೆಡಿ. ಎರಡು ಮೂರು ಮಳೆಗಾಲ ಕಳೆದ್ರ ಸಾಲು ಕೂಡಿಕೊಳ್ತದ. ಆಮೇಲೆ ವರ್ಷಕ್ಕೊಂದೆರಡು ಸಲ ಮೊಣಕಾಲೆತ್ತರಕ್ಕೆ ಕುಡುಗೋಲಿನಲ್ಲಿ ಕೊಯ್ದ್ರ ಸಾಕು. ಕೊಯ್ದ ಎಲೆನ ತರಕಾರಿ ಮಡಿಗೆ ಹೊದಿಸಿದ್ರ ತೇವ ನಿಲ್ತದ.

ಹಿತ್ತಲಲ್ಲಿ ಇದಕ್ಕೆ ಎರಡು ಜಾಗ ಚೆನ್ನ. ಒಂದು, ಮಳೆನೀರು ಹೊರಕ್ಕೆ ಹೋಗೋ ಇಳಿಜಾರಿನ ಕೊನೆ, ಅಂದ್ರ ತರಕಾರಿ ಮಡಿಗಳ ತಗ್ಗಿನ ಕಡೆ. ಇನ್ನೊಂದು ಬಚ್ಚಲು ನೀರು ಬಂದು ಬೀಳೋ ಜಾಗ. ಅಲ್ಲಿ ಸೊಳ್ಳೆ, ವಾಸನೆ ಅಂತ ಗೊಣಗೋ ಬದಲು ಒಂದು ಗುಂಪು ಲಾವಂಚ ಇಟ್ಟು ನೋಡಿ, ನೀರನ್ನ ಹೀರಿಕೊಳ್ತದ. ಆಸ್ಟ್ರೇಲಿಯಾ, ಥಾಯ್ಲೆಂಡಿನಲ್ಲಿ ಶೌಚದ ಗುಂಡಿ ನೀರನ್ನ ಶುದ್ಧ ಮಾಡೋಕೂ ಇದನ್ನ ಬಳಸ್ತರ. ಬಚ್ಚಲು ಬುಡದ ಬೇರನ್ನ ಮಾತ್ರ ಕುಡಿಯೋ ಮಡಕೆಗೆ ಹಾಕಬೇಡಿ.

ಮಡಕೆಗೆ ಬೇರು ಬೇಕು ಅಂದ್ರ ಸಾಲಿಗೆ ಕೈ ಹಾಕಬಾರದು. ಬೇರು ಅಗೆದ್ರ ಹುಲ್ಲು ಹೋಯ್ತು, ಹುಲ್ಲು ಹೋದ್ರ ಮಣ್ಣು ಹೋಯ್ತು. ಇಂಡೋನೇಷ್ಯಾದ ಜಾವಾದಲ್ಲಿ, ಗಾರುತ್ ಕಡೆ, ಎಣ್ಣೆ ತೆಗೆಯೋಕೆ ಬೆಟ್ಟದ ಇಳಿಜಾರಿನಲ್ಲಿ ಬೇರು ಅಗೆದು ಅಗೆದು ಮಣ್ಣೇ ಕೊಚ್ಚಿಹೋಯ್ತು. ಮಣ್ಣು ಕಾಯೋ ಹುಲ್ಲಿನಿಂದಲೇ ಮಣ್ಣು ಹಾಳಾದದ್ದು ಅಲ್ಲಿ. ಬೇರಿಗೆ ಅಂತಲೇ ಒಂದು ಹಳೇ ಗೊಬ್ಬರದ ಚೀಲಕ್ಕೆ ಮರಳು, ಮಣ್ಣು ಸಮ ಬೆರೆಸಿ ತುಂಬಿ, ಎರಡು ಮೂರು ಮರಿ ನೆಟ್ಟು ಬಿಸಿಲಿಗೆ ಇಡಿ. ಒಂದೂವರೆ ವರ್ಷಕ್ಕೆ ಚೀಲ ಸೀಳಿದ್ರ ಬೇರು ಮುರಿಯದೆ ಸಿಕ್ತದ. ಬುಡದ ಮರಿನ ಮತ್ತೆ ಹೊಸ ಚೀಲಕ್ಕೆ. ನೆರಳಿನಲ್ಲಿ ಒಣಗಿಸಿ ಇಟ್ರ ಒಂದು ಮನೆಗೆ ಬೇಸಿಗೆ ಪೂರ್ತಿ ಆಯ್ತದ.

ಹೊಲ ಇರೋರಿಗೆ ಇನ್ನೊಂದು ಮಾತು. ಗಡಿಗೆ ನೆಡೋದಾದ್ರ ಒಬ್ಬರೇ ಹೋಗಿ ನೆಡಬೇಡಿ, ಅದು ಸಾಕ್ಷಿ ಆಗಲ್ಲ, ತಕರಾರು ಆಯ್ತದ. ಮಳೆ ಬಿದ್ದ ಮಾರನೇ ಬೆಳಗ್ಗೆ ಪಕ್ಕದ ಹೊಲದೋರನ್ನ ಕರೀರಿ. "ಬಾಣ್ಣ, ಇಬ್ರೂ ಸೇರ್ಕಂಡು ಒಂದು ಸಾಲು ಲಾವಂಚ ಮಡಗುವ, ನಾಳಕ್ಕ ನಿನ್ ಮಕ್ಳಿಗೂ ನನ್ ಮಕ್ಳಿಗೂ ಮಾತು ಬರ್ದಂಗ ಆಯ್ತದ" ಅನ್ನಿ. ಒಬ್ಬರು ಹಗ್ಗ ಹಿಡೀರಿ, ಒಬ್ಬರು ಗುಂಡಿ ತೆಗೀರಿ. ಅರ್ಧ ಸಾಲು ಅವರ ಕೈಯಲ್ಲೇ ನೆಡಿಸಿ.